ಖಾಲಿ ಕನ್ನಡ

ಶಹಾಬಾದಿನಲ್ಲಿ ನನ್ನದೊಂದು ರಿಪೇರಿ ಅಂಗಡಿಯಿದೆ. ರೇಡಿಯೋ, ಟೇಪ್‌ರೆಕಾರ್ಡರ್‌ಗಳಿಂದ ಶುರುವಾಗಿದ್ದು, ಈಗ ಮಿಕ್ಸರ್, ಫ್ಯಾನು, ಟಿವಿ ಬೋರ್ಡು ಅಂತ ಹೇಗೋ ನಡೆದಿದೆ. ನಮ್ಮ ಧಂದೆಯಲ್ಲಿ ಎಲ್ಲರೂ ಆಡುವ ಒಂದು ಸುಳ್ಳಿದೆ: "ಇಟ್ಟು ಹೋಗ್ರಿ, ನೋಡ್ತೀನಿ." ಸತ್ತುಹೋದ ಸಾಮಾನನ್ನೂ ಹಾಗೆಂದು ಇಟ್ಟುಕೊಂಡು, ಎಂಟು ದಿನ ಗಿರಾಕಿಯನ್ನು ಓಡಾಡಿಸಿ, ಆಮೇಲೆ ಆಗಲಿಲ್ಲ ಎನ್ನುವುದು ರಿಪೇರಿಯವರ ಚಾಳಿ. ನನಗದು ಆಗಿಬರುವುದಿಲ್ಲ. ಬಿಚ್ಚಿ ನೋಡಿದ ಕೂಡಲೇ, "ಇದು ಸತ್ತದರಿ, ಒಯ್ದು ಗುಜರಿಗೆ ಹಾಕ್ರಿ" ಎಂದು ಮುಖದ ಮೇಲೆ ಹೇಳಿಬಿಡುತ್ತೇನೆ. ಇಷ್ಟಕ್ಕೇ ಜಗಳ ತೆಗೆದು ಎದ್ದುಹೋದವರಿದ್ದಾರೆ. ಹೋಗಲಿ. ನನ್ನ ಬಾಯಿ ಇರುವುದೇ ಹಾಗೆ.

ಅಂಥ ಬಾಯಿಯ ನಾನು ನನ್ನ ಸ್ವಂತ ಅಣ್ಣನಿಗೆ, ಅವನ ಹೆಂಡತಿ ನಮ್ಮ ವೈನಿಗೆ, ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಒಂದು ಮಾತು ಹೇಳದೆ ನುಂಗಿಕೊಂಡು ಕೂತಿದ್ದೆ. ಅಣ್ಣನ ಮಾತು ನಿಂತುಹೋಗದಿದ್ದರೆ ಇನ್ನೂ ನುಂಗಿಕೊಂಡೇ ಇರುತ್ತಿದ್ದೆ.

ಅಣ್ಣ ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಕರೆಂಟಿನ ಕೆಲಸ ಮಾಡಿ ರಿಟೈರಾದವನು. ನನಗೆ ಸೋಲ್ಡರ್ ಹಿಡಿಯಲು ಕಲಿಸಿದವನೇ ಅವನು. ಹೋದ ವರ್ಷ ಒಂದು ಬೆಳಿಗ್ಗೆ ಕೈಯಲ್ಲಿದ್ದ ಚಾದ ಕಪ್ಪು ಜಾರಿತು, ಬಾಯಿ ವಾರೆಯಾಯಿತು. ಲಕ್ವಾ ಹೊಡೆದಿತ್ತು. ಬಲಗಾಲು ಅಷ್ಟಿಷ್ಟು ತಿರುಗಿ ಬಂತು. ಬಲಗೈ ಬರಲಿಲ್ಲ, ಮಾತೂ ಬರಲಿಲ್ಲ. ಉಳಿದದ್ದು ಒಂದೇ ಶಬ್ದ: "ಅದ." ನೀರು ಬೇಕೇನು ಎಂದರೆ ಅದ. ಬೇಡವೇನು ಎಂದರೂ ಅದ. ಸಿಟ್ಟು ಬಂದರೆ ಅದ, ಅದ, ಅದ ಎಂದು ಎಡಗೈಯಿಂದ ಮಂಚ ಗುದ್ದುತ್ತಾನೆ. ಏನು ಅದ, ಎಲ್ಲಿ ಅದ, ಯಾರಿಗೆ ಗೊತ್ತು? ಅವನ ಕಣ್ಣಲ್ಲಿ ನೀರು ಬರುವುದನ್ನು ನೋಡಲಾಗದೆ ನಾನು ಸುಮ್ಮಸುಮ್ಮನೆ ಹೊರಗೆ ಹೋಗಿ ಬೀದಿಯಲ್ಲಿ ನಿಲ್ಲುತ್ತಿದ್ದೆ.

ಮಾಡದ್ದೇನೂ ಉಳಿದಿಲ್ಲ. ಕಲಬುರಗಿಯ ದೊಡ್ಡ ಡಾಕ್ಟರಾಯಿತು. ಚಿಂಚೋಳಿ ಕಡೆ ಒಬ್ಬರು ಎಣ್ಣೆ ಕೊಡುತ್ತಾರೆಂದು ಯಾರೋ ಹೇಳಿದರು. ಅವನನ್ನು ಎತ್ತಿ ಇಳಿಸಿಕೊಂಡು, ಸುಲೇಪೇಟದಲ್ಲಿ ಬಸ್ಸು ಬದಲಿಸಿ, ಮೂರು ಸಲ ಹೋಗಿಬಂದೆವು. ವೈನಿ ನಾಲವಾರದ ಮಠಕ್ಕೆ ಹರಕೆ ಹೊತ್ತರು. ಅಣ್ಣನ ಮಗಳು ಸೇಡಂ ದವಾಖಾನೆಯಲ್ಲಿ ನರ್ಸು. ಅವಳೊಬ್ಬಳೇ ಇದ್ದದ್ದನ್ನು ಇದ್ದಂತೆ ಹೇಳಿದವಳು.

"ಕಾಕಾ, ಮಾತು ಬಾಯಾಗ ಸಿಕ್ಕೊಂಡಿಲ್ಲ. ತಲ್ಯಾಗೇ ಹಾದಿ ಕಡದದ. ಯಾವ ಎಣ್ಣಿಗೂ ಅದು ಕೂಡೂದಿಲ್ಲ."

ಆದರೆ ಹೇಳಿದವಳೇ ಸುಮ್ಮನೆ ಕೂತಳೇ? ಚಿತ್ರ ಮುಟ್ಟಿದರೆ ಮಾತಾಡುವ ಫೋನು ತಂದಳು. ಲೋಟದ ಚಿತ್ರ ಮುಟ್ಟಿದರೆ ಯಾವುದೋ ಊರಿನ ಹೆಣ್ಣು ದನಿ "ನನಗೆ ನೀರು ಬೇಕು" ಎನ್ನುತ್ತಿತ್ತು. ಅಣ್ಣ ಒಂದು ದಿನ ನೋಡಿದ, ಎರಡು ದಿನ ನೋಡಿದ, ಮೂರನೆಯ ದಿನ ಅದನ್ನು ಗೋಡೆಗೆ ಎಸೆದ.

ಆಮೇಲೊಂದು ಭಾನುವಾರ ಅದೇ ಮಗಳು ವಾಡಿಗೆ ಬಂದು ವೈನಿಗೆ ಇನ್ನೊಂದು ಸುದ್ದಿ ತೋರಿಸಿದಳು. ಎಂದೋ ಮುಚ್ಚಿಹೋದ ಒಂದು ಕಂಪ್ಯೂಟರ್ ಕಂಪನಿಯ ಹೆಸರನ್ನು ಈಗ ಬೇರೆ ಯಾರೋ ಕೊಂಡಿದ್ದಾರೆ. ಅದೇ ಹೆಸರು, ಅದೇ ಕರಿ ಡಬ್ಬಿ, ಅದೇ ರಬ್ಬರ್ ಗುಂಡಿಗಳು, ಒಳಗೆ ಮಾತ್ರ ಹೊಸ ಕಾಲದ ಸಾಮಾನು ಹಾಕಿ ಮಾರುತ್ತಿದ್ದಾರೆ. ವೈನಿ ಫೋನನ್ನು ಕೈಯಲ್ಲಿ ಹಿಡಿದು ಎಷ್ಟೋ ಹೊತ್ತು ಆ ಚಿತ್ರವನ್ನೇ ನೋಡಿದರಂತೆ. ಮರುದಿನ ಬೆಳಿಗ್ಗೆ ನನಗೆ ಫೋನು.

"ತಮ್ಮಾ, ನಮ್ಮ ಮಷೀನ್ ತಿರುಗಿ ಬಂದದ. ಕ್ಯಾಸೆಟ್ ಟ್ರಂಕಿನಾಗ ಅದ. ಇನ್ನ ನಿಮ್ಮಣ್ಣ ಮಾತಾಡ್ತಾರ."

ಅವತ್ತು ನಾನು ಅಂಗಡಿ ತೆರೆಯಲಿಲ್ಲ. ಯಾಕೆಂದು ಹೇಳಬೇಕಾದರೆ ಹಿಂದಕ್ಕೆ ಹೋಗಬೇಕು.

ಆಗ ನಾವೆಲ್ಲ ವಾಡಿಯಲ್ಲಿ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿದ್ದೆವು. ಅವ್ವ, ಫರ್ಸಿ ಕಲ್ಲು ಕಡಿಯುವ ಅಪ್ಪ, ಅಣ್ಣ, ನಾನು, ಮತ್ತು ಕುರಕುಂಟಾದಿಂದ ಹೊಸದಾಗಿ ಸೊಸೆಯಾಗಿ ಬಂದ ವೈನಿ. ಕಾರ್ಖಾನೆಯ ಒಬ್ಬ ಇಂಜಿನಿಯರ್ ವರ್ಗವಾಗಿ ಹೋಗುವಾಗ ತನ್ನ ಮನೆ ಕಂಪ್ಯೂಟರನ್ನು ಅಣ್ಣನಿಗೆ ಕೊಟ್ಟುಹೋಗಿದ್ದರು. ಪುಸ್ತಕದಷ್ಟೇ ದೊಡ್ಡ ಡಬ್ಬಿ. ಟಿವಿಗೆ ಒಂದು ವೈರು, ಟೇಪ್‌ರೆಕಾರ್ಡರಿಗೆ ಒಂದು ವೈರು. ಅದರ ಪ್ರೋಗ್ರಾಮುಗಳೆಲ್ಲ ಮಾಮೂಲಿ ಹಾಡಿನ ಕ್ಯಾಸೆಟ್ಟಿನಲ್ಲಿಯೇ ಇರುತ್ತಿದ್ದವು. ಕ್ಯಾಸೆಟ್ ಹಚ್ಚಿದರೆ ಕಿರ್‌ರ್ ಎಂದು ಕಿವಿ ಹರಿಯುವ ಸದ್ದು, ಐದು ನಿಮಿಷ ತಡೆದುಕೊಂಡರೆ ಟಿವಿ ಮೇಲೆ ಏನೋ ಮೂಡುವುದು. ಇನ್ನೊಂದು ವಿಶೇಷವೆಂದರೆ ಅದರಲ್ಲಿ ಅಕ್ಷರ ಅಕ್ಷರ ಒತ್ತಬೇಕಿರಲಿಲ್ಲ. ಒಂದು ಗುಂಡಿ ಒತ್ತಿದರೆ ಇಡೀ ಒಂದು ಇಂಗ್ಲಿಷ್ ಶಬ್ದ ಬಂದು ಕೂಡುತ್ತಿತ್ತು.

ಹೊಸ ಸೊಸೆ ಅತ್ತೆ ಮಾವನ ಎದುರು ಗಂಡನ ಜೊತೆ ಮಾತಾಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಎರಡು ಕೋಣೆಯ ಮನೆಯಲ್ಲಿ ಅತ್ತೆ ಮಾವ ಎದುರಿಗಿಲ್ಲದ ಹೊತ್ತು ಯಾವುದು? ಪಾಪ, ವೈನಿ ದಿನವಿಡೀ ಬಾಯಿಗೆ ಸೆರಗು ಹಿಡಿದುಕೊಂಡೇ ಓಡಾಡುವರು. ಅಣ್ಣ ಏನು ಮಾಡಿದನೆಂದರೆ, ಚೌಕಳಿ ಹಾಳೆಯ ಮೇಲೆ ಕನ್ನಡ ಅಕ್ಷರಗಳನ್ನು ಚುಕ್ಕೆ ಚುಕ್ಕೆಯಾಗಿ ಬರೆದುಕೊಂಡು, ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು, ಒಂದು ಗುಂಡಿಗೆ ಒಂದು ಕನ್ನಡ ಶಬ್ದ ಬರುವಂತೆ ಮಾಡಿ, ಅದನ್ನೊಂದು ಕ್ಯಾಸೆಟ್ಟಿಗೆ ತುಂಬಿದ. ನೀರು. ಚಾ. ಬಾ. ಒಲ್ಲೆ. ತಲಿ ನೋಯ್ತದ. ಸಿಟ್ಟದ. ಸಂಜೆ ಕಂಪ್ಯೂಟರ್ ಕಲಿಸುವ ನೆಪದಲ್ಲಿ ವೈನಿಯನ್ನು ಪಕ್ಕದಲ್ಲಿ ಕೂಡಿಸಿಕೊಳ್ಳುವನು. ಅವನೊಂದು ಗುಂಡಿ ಒತ್ತುವನು, ಅವರೊಂದು ಒತ್ತುವರು. ಅವ್ವ ಅಪ್ಪ ಇಬ್ಬರಿಗೂ ಓದಲು ಬಾರದು. ಎದುರಿಗೇ ಕೂತು, "ಪರ್ವಾಗಿಲ್ಲ, ಸೊಸಿ ಶಾಣ್ಯಾ ಅದಾಳ" ಎನ್ನುವರು. ನನಗೆ ಓದಲು ಬರುತ್ತಿತ್ತಲ್ಲ, ನಾನು ಮೂಲೆಯಲ್ಲಿ ಬಾಯಿಗೆ ಪುಸ್ತಕ ಒತ್ತಿಕೊಂಡು ನಗುತ್ತಿದ್ದೆ.

ಎರಡು ವರ್ಷಕ್ಕೆ ಆ ಮಷೀನು ಸುಟ್ಟುಹೋಯಿತು. ಅಷ್ಟು ಹೊತ್ತಿಗೆ ವೈನಿಗೂ ಬಾಯಿ ಬಂದಿತ್ತು, ಮಷೀನನ್ನು ಯಾರೂ ನೆನೆಸಲಿಲ್ಲ. ಮುಂದೆ ನಾನು ಶಹಾಬಾದಿನಲ್ಲಿ ಅಂಗಡಿ ಹಾಕಿದೆ. ಆಟೋಗೆ ಮೈಕಿನ ಭೋಂಗಾ ಕಟ್ಟಿ ಊರೆಲ್ಲ ಅಂಗಡಿಯ ಸುದ್ದಿ ಸಾರಿಸಬೇಕೆಂದಾಗ ಒಂದು ಕ್ಯಾಸೆಟ್ ಬೇಕಾಯಿತು. ಅಣ್ಣನ ಟ್ರಂಕಿನಲ್ಲಿ ಒಂದು ಸಿಕ್ಕಿತು. ಮೇಲೆ ಚೀಟಿ, ಚೀಟಿಯ ಮೇಲೆ ಎರಡು ಶಬ್ದ: ಖಾಲಿ ಕನ್ನಡ.

ಖಾಲಿ ಎಂದಿತ್ತಲ್ಲ! ಮುಂದೆ ಕನ್ನಡ ಹಾಡು ತುಂಬಿಸಲು ಇಟ್ಟ ಖಾಲಿ ಕ್ಯಾಸೆಟ್ ಎಂದುಕೊಂಡೆ. ರೆಕಾರ್ಡರಿಗೆ ಹಾಕಿ ಅಣ್ಣನ ಮುಂದೆ ಹಿಡಿದೆ. ಅಣ್ಣನ ದನಿ ಭಾಳ ಛಂದ, ಕಾರ್ಖಾನೆಯ ಕಾರ್ಯಕ್ರಮಗಳಲ್ಲಿ ಮೈಕು ಅವನದೇ. ಒಳಗೆ ಯಾವ ಕ್ಯಾಸೆಟ್ ಇದೆಯೆಂದು ನೋಡದೆ, ಗಂಟಲು ಸರಿಮಾಡಿಕೊಂಡು, ನನ್ನ ಅಂಗಡಿಯ ಜಾಹೀರಾತನ್ನು ಮೂರು ಸಲ ಹೇಳಿಕೊಟ್ಟ.

ವಾರದ ಮೇಲೆ ಊಟಕ್ಕೆ ಕೂತಾಗ ಅಣ್ಣ ವೈನಿಗೆ ಹೇಳುತ್ತಿದ್ದ: "ಮಷೀನ್ ಸತ್ರ ಸಾಯಲಿ. ನಮ್ಮ ಕ್ಯಾಸೆಟ್ ಅದಲ್ಲ, ಅದು ಸಾಕು. ಇಂಗ್ಲಿಷ್ ಒಂದೂ ಇಲ್ಲ ಅದರಾಗ, ಖಾಲಿ ಕನ್ನಡ." ಆಗ ಗೊತ್ತಾಯಿತು, ನಾನು ಜಾಹೀರಾತು ತುಂಬಿಸಿದ್ದು ಆ ಕ್ಯಾಸೆಟ್ಟಿನ ಮೇಲೆಯೇ. ಖಾಲಿ ಅನ್ನ ಎಂದರೆ ಬರೇ ಅನ್ನ, ಖಾಲಿ ದೋಸೆ ಎಂದರೆ ಬರೇ ದೋಸೆ. ದಿನವೂ ಇದೇ ಮಾತು ಆಡುವ ನನಗೆ ಆ ದಿನ ಟ್ರಂಕಿನ ಮುಂದೆ ಅದು ಹೊಳೆಯಲಿಲ್ಲ. ಕ್ಯಾಸೆಟ್ಟನ್ನು ಸದ್ದಿಲ್ಲದೆ ಟ್ರಂಕಿಗೆ ವಾಪಸು ಹಾಕಿದೆ. ಮಷೀನೇ ಇಲ್ಲ, ಇನ್ನು ಕೇಳುವವರು ಯಾರು ಎಂದು ಧೈರ್ಯ.

ಈಗ ಕೇಳುವವರು ಬಂದಿದ್ದರು.

ನಾನು ವಾಡಿಗೆ ಓಡಿದೆ. ಹೋದವನೇ ಬೈಯಲು ಶುರುಮಾಡಿದೆ. "ವೈನಿ, ಹೆಸರು ಮಾರಾಟಕ್ಕೆ ಸಿಗ್ತದರಿ, ಮಷೀನ್ ಸಿಗೂದಿಲ್ಲ. ಹಳೇ ರೇಡಿಯೋ ಕಂಪನಿ ಹೆಸರು ಹಚ್ಚಿ ಇವತ್ತು ಏನೇನು ಮಾರ್ತಾರ, ನನ್ನ ಅಂಗಡ್ಯಾಗ ಬಂದು ನೋಡ್ರಿ. ಬಿಚ್ಚಿದ್ರ ಒಳಗ ಉಗುರಿನಷ್ಟು ಬೋರ್ಡು, ಉಳಿದದ್ದು ಗಾಳಿ. ಇದು ನಮ್ಮಂಥ ಮುದುಕರಿಗೆ ಟೋಪಿ ಹಾಕೂ ಧಂದೆ. ನೆನಪು ಬರ್ತದಲ್ಲ, ಅದಕ್ಕೆ ಕೈ ಹಾಕ್ತಾರ ಇವರು."

ಇದರಲ್ಲಿ ಒಂದೂ ಸುಳ್ಳಿರಲಿಲ್ಲ. ಇವತ್ತಿಗೂ ಅದೇ ನನ್ನ ಅಭಿಪ್ರಾಯ. ಸತ್ತ ಕಂಪನಿಯ ಹೆಸರನ್ನು ಎತ್ತಿ ಹೊಸ ಡಬ್ಬಿಗೆ ಅಂಟಿಸಿದರೆ ಹಳೆಯ ದಿನಗಳು ಬರುತ್ತವೆ ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆದರೆ ಅವತ್ತು ನನ್ನ ದನಿ ಅಷ್ಟು ಏರಿದ್ದು ಆ ಕಂಪನಿಯ ಮೇಲಿನ ಸಿಟ್ಟಿಗಲ್ಲ. ನನಗೆ ಹೆದರಿಕೆಯಾಗಿತ್ತು.

ವೈನಿ ಎಲ್ಲ ಕೇಳಿಸಿಕೊಂಡು, "ನಿನ್ನ ಬಾಯಾಗ ಒಳ್ಳೇದು ಯಾವಾಗ ಬಂದದ ತಮ್ಮಾ?" ಎಂದರು. ಆಮೇಲೆ ದನಿ ತಗ್ಗಿಸಿ, "ಎಣ್ಣಿ ಹಚ್ಚಿದ್ವಿ, ದೇವರ ಕಡೆ ಹೋದ್ವಿ. ಇದೊಂದು ಉಳದದ. ಇದೂ ಬ್ಯಾಡ ಅಂದ್ರ ನಾ ಏನ್ ಮಾಡ್ಲಿ, ಹೇಳು" ಎಂದು ನನ್ನ ಮುಖ ನೋಡಿದರು.

ಹೊಸದನ್ನು ತರಿಸುವುದನ್ನು ತಪ್ಪಿಸಲು ಚಿತ್ತಾಪುರಕ್ಕೂ ಹೋಗಿಬಂದೆ. ಅಲ್ಲಿಯ ಒಂದು ಶಾಲೆಯ ಹಳೆ ಕೋಣೆಯಲ್ಲಿ ಆ ಕಾಲದ ಅಸಲಿ ಮಷೀನು ಬಿದ್ದಿದೆಯೆಂದು ಗಿರಾಕಿಯೊಬ್ಬರು ಹೇಳಿದ್ದರು. ಅಸಲಿ ತಂದು, ಅದು ಚಾಲೂ ಆಗದೆ, ಅಲ್ಲಿಗೇ ಎಲ್ಲ ಮುಗಿಯಲಿ ಎಂಬುದು ನನ್ನ ಲೆಕ್ಕ. ಎಂಥ ನೀಚತನ ನೋಡಿ. ಬಾಗಿಲು ತೆಗೆಸಿ ನೋಡಿದರೆ ಅದು ಬೇರೆ ಯಾವುದೋ ಕಂಪ್ಯೂಟರು, ಒಳಗೆ ಇಲಿ ಗೂಡು ಕಟ್ಟಿತ್ತು.

ಅಣ್ಣನ ಮಗಳು ಹೊಸದನ್ನು ತರಿಸಿಯೇಬಿಟ್ಟಳು. ಪಾರ್ಸಲ್ ಬಂದ ದಿನ ನಾನೂ ಇದ್ದೆ. ನೋಡಲು ಥೇಟ್ ಅದೇ. ಅಪ್ಪ ಫರ್ಸಿಯನ್ನು ಸುತ್ತಿಗೆಯಿಂದ ಬಡಿದು, ಸದ್ದಿನಿಂದಲೇ ಒಳಗಿನ ಬಿರುಕು ಹೇಳುತ್ತಿದ್ದ. ನಾನು ಆ ಡಬ್ಬಿಯನ್ನು ಬೆರಳಿನಿಂದ ಬಡಿದೆ. ಪೊಳ್ಳು. ತಿರುವಿ ನೋಡಿದೆ. ಹಳೆಯದರಲ್ಲಿ ಟೇಪ್‌ರೆಕಾರ್ಡರಿನ ವೈರು ಸೇರಿಸುವ ತೂತು ಎಲ್ಲಿತ್ತೋ ಅಲ್ಲಿ ಈಗ ಬರೇ ಪ್ಲಾಸ್ಟಿಕ್ಕು.

"ನೋಡ್ರಿ, ಹೇಳಿದ್ನಿಲ್ಲೋ? ಕ್ಯಾಸೆಟ್ಟಿನ ತೂತೇ ಇಲ್ಲ! ಎಂಥಾ ಮಷೀನ್ ಇದು?" ಎಂದು ಕೂಗಿದೆ. ನಾನು ಗೆದ್ದಿದ್ದೆ. ಒಳಗೊಳಗೆ ಎಷ್ಟು ಹಗುರಾದೆನೆಂದರೆ ಹೇಳಲು ನಾಚಿಕೆಯಾಗುತ್ತದೆ.

ಮಗಳು ಅದನ್ನು ಟಿವಿಗೆ ಜೋಡಿಸಿದಳು. ಆಟಗಳ ದೊಡ್ಡ ಪಟ್ಟಿ ಬಂತು, ಅದನ್ನು ದಾಟಿದ ಮೇಲೆ ಹಳೆಯದರ ಬಿಳಿ ಪರದೆ ಬಂತು. ಅಣ್ಣ ಮಂಚದ ಮೇಲೆ ಒರಗಿ ಕೂತಿದ್ದ. ವೈನಿ ಡಬ್ಬಿಯನ್ನು ಅವನ ತೊಡೆಯ ಮೇಲಿಟ್ಟರು. ಅವನು ಅದನ್ನು ನೋಡಿದ, ಪರದೆ ನೋಡಿದ. ಎಡಗೈ ಎತ್ತಿದ. ಒಂದು ಬೆರಳು ಗಾಳಿಯಲ್ಲಿ ಹುಡುಕಿ, ಒಂದು ಗುಂಡಿ ಒತ್ತಿತು. ಪರದೆಯ ಮೇಲೆ ಯಾವುದೋ ಇಂಗ್ಲಿಷ್ ಶಬ್ದ ಬಂದು ಕೂತಿತು.

"ನೀರು!" ವೈನಿ ಎದ್ದು ನಿಂತರು. "ಅದು ನೀರಿನ ಗುಂಡಿ! ನೀರು ಅಂದ್ರು ಅವರು!"

ನೀರು ತಂದು ಹಿಡಿದರು. ಕುಡಿದ. ಮತ್ತೆ ಬೆರಳು ಹೋಯಿತು. ಇನ್ನೊಂದು ಇಂಗ್ಲಿಷ್ ಶಬ್ದ. "ಒಲ್ಲೆ ಅಂತ. ಸಾಕು ಅಂತ" ಎನ್ನುತ್ತ ವೈನಿ ಅಳತೊಡಗಿದರು. ಅಣ್ಣ ಪರದೆ ನೋಡುತ್ತ ಹುಬ್ಬು ಗಂಟಿಕ್ಕಿದ. ಕನ್ನಡ ಯಾಕೆ ಬರುತ್ತಿಲ್ಲವೆಂದು ಅದೇ ಗುಂಡಿಯನ್ನು ಒತ್ತಿದ, ಒತ್ತಿದ, ಗುದ್ದಿದ. "ಅದ! ಅದ!" ಎಂದು ನನ್ನ ಕಡೆ ತಿರುಗಿದ.

ನಾನು ಡಬ್ಬಿಯ ವಿಷಯದಲ್ಲಿ ಸರಿ ಹೇಳಿದ್ದೆ, ಅಣ್ಣನ ಬೆರಳಿನ ವಿಷಯದಲ್ಲಿ ತಪ್ಪಿದ್ದೆ. ಆ ಪೊಳ್ಳು ಡಬ್ಬಿಯ ಮೇಲೆ ಅವನ ಬೆರಳಿಗೆ ಹಾದಿ ನೆನಪಿತ್ತು. ಇಲ್ಲದ್ದು ಶಬ್ದಗಳು ಮಾತ್ರ, ಅವುಗಳನ್ನು ಅಳಿಸಿದವನು ನಾನು.

"ತೂತು ಇಲ್ದಿದ್ರೇನಾತು ಕಾಕಾ," ಮಗಳು ಟ್ರಂಕಿನಿಂದ ಕ್ಯಾಸೆಟ್ ತೆಗೆದು ನನ್ನ ಕೈಗಿಟ್ಟಳು. "ನೀ ಟೇಪ್‌ರೆಕಾರ್ಡರ್‌ನಾಗ ಹಚ್ಚು, ನಾ ಫೋನಿನಾಗ ಆವಾಜ್ ತುಂಬ್ಕೋತೀನಿ. ಅದನ್ನ ಫೈಲ್ ಮಾಡಿ ಇದರೊಳಗ ಹಾಕೂದು ಬರ್ತದಂತ. ಎಲ್ಲಾ ಓದೀನಿ."

ಚೀಟಿ ಹಳದಿಯಾಗಿತ್ತು, ಅಕ್ಷರ ಹಾಗೇ ಇದ್ದವು. ಆಗಲೇ ಹೇಳಬೇಕಿತ್ತು. ಬದಲಿಗೆ, "ರೆಕಾರ್ಡರಿನ ಬೆಲ್ಟ್ ಹೋಗ್ಯದ. ಹಾಕಿ ಹೇಳ್ತೀನಿ" ಎಂದು ಕ್ಯಾಸೆಟ್ಟನ್ನು ಕಿಸೆಗೆ ಹಾಕಿಕೊಂಡು ರೈಲು ಹತ್ತಿದೆ. ಹನ್ನೆರಡು ದಿನ ಬೆಲ್ಟ್ ಸಿಗಲಿಲ್ಲವೆಂದೆ. ಬೆಲ್ಟ್ ನನ್ನ ಡ್ರಾಯರಿನಲ್ಲಿ ರಾಶಿ ಬಿದ್ದಿದ್ದವು. ಒಂದು ಮಧ್ಯಾಹ್ನ ಟೇಪನ್ನು ಹೊರಗೆಳೆದು, ಹರಿದು, ಬೂಸ್ಟು ಹಿಡಿದು ಹೋಗಿತ್ತೆಂದು ಹೇಳಿಬಿಡಲೇ ಎಂದು ಬೆರಳು ಹಾಕಿದೆ. ಆಗಲಿಲ್ಲ. ಅದರಲ್ಲಿ ಅಣ್ಣನ ದನಿಯಿತ್ತು. ಆ ದನಿ ಈಗ ಲೋಕದಲ್ಲಿ ಬೇರೆಲ್ಲೂ ಇರಲಿಲ್ಲ. ಹಚ್ಚಿ ಕೇಳುವ ಧೈರ್ಯವೂ ಆಗಲಿಲ್ಲ.

ಹದಿಮೂರನೆಯ ದಿನ ಅಂಗಡಿಯ ಮುಂದೆ ಆಟೋ ನಿಂತಿತು. ವೈನಿ, ಮಗಳು ಇಬ್ಬರೂ ಅಣ್ಣನನ್ನು ಹಿಡಿದು ಇಳಿಸುತ್ತಿದ್ದರು. ಗಿರಾಕಿಗಳು ಕೂಡುವ ಕುರ್ಚಿಯಲ್ಲಿ, ನನ್ನ ಕೆಲಸದ ಮೇಜಿನ ಎದುರು ಅವನನ್ನು ಕೂಡಿಸಿದರು.

"ಬೆಲ್ಟ್ ಸಿಗದಿದ್ರ ಬ್ಯಾರೆ ರೆಕಾರ್ಡರ್ ಇಲ್ಲೇನು ಇಷ್ಟ್ ದೊಡ್ಡ ಅಂಗಡ್ಯಾಗ?" ವೈನಿ ಸುತ್ತ ನೋಡಿದರು. "ಇವರು ದಿನಾ ಆ ಗುಂಡಿ ಗುದ್ಲಿಕತ್ತಾರ ತಮ್ಮಾ. ಬೆರಳು ಬಾತಾವ, ನೋಡು. ನನಗ ನೋಡ್ಲಿಕ್ಕಾಗವಲ್ದು. ಹಚ್ಚು ನೀ."

ಅಣ್ಣನ ಎಡಗೈಯ ಬೆರಳು ನಿಜವಾಗಿಯೂ ಬಾತಿತ್ತು. ಇನ್ನು ಸುಳ್ಳು ಹೇಳಲು ನನ್ನ ಬಾಯಿ ಏಳಲಿಲ್ಲ. ಡ್ರಾಯರಿನಿಂದ ಕ್ಯಾಸೆಟ್ ತೆಗೆದು ರೆಕಾರ್ಡರಿಗೆ ಹಾಕಿದೆ. ಮಗಳು ಫೋನು ಹತ್ತಿರ ಹಿಡಿದಳು. ನಾನು ಗುಂಡಿ ಒತ್ತಿದೆ.

ಸ್ವಲ್ಪ ಹೊತ್ತು ಸುಯ್ಯೆಂದಿತು. ಆಮೇಲೆ ಅಣ್ಣ ಮಾತಾಡಿದ. ಗಟ್ಟಿ ದನಿ, ತುಂಬು ಗಂಟಲು, ಸ್ವಲ್ಪ ನಗು ಬೆರೆತದ್ದು.

"ಶಹಾಬಾದಿನ ಮಂದಿ ಕೇಳ್ರಿ! ರೇಡಿಯೋ ಇರಲಿ, ಟಿವಿ ಇರಲಿ, ಟೇಪ್‌ರೆಕಾರ್ಡರ್ ಇರಲಿ. ಏನೇ ಖರಾಬ್ ಆಗಿರಲಿ, ತಗೊಂಡ್ ಬರ್ರಿ. ನನ್ನ ತಮ್ಮ ಚಾಲೂ ಮಾಡಿ ಕೊಡ್ತಾನ!"

ವೈನಿ ಬಾಯಿಗೆ ಸೆರಗು ಒತ್ತಿಕೊಂಡರು, ಹೊಸ ಸೊಸೆಯಾಗಿದ್ದಾಗ ಒತ್ತಿಕೊಳ್ಳುತ್ತಿದ್ದಂತೆಯೇ. ಅಣ್ಣ ಮಾತ್ರ ರೆಕಾರ್ಡರನ್ನು ನೆಟ್ಟ ಕಣ್ಣಿನಿಂದ ನೋಡುತ್ತಿದ್ದ. ಎರಡನೆಯ ಸಲ ಜಾಹೀರಾತು ಶುರುವಾದಾಗ ಅವನ ತುಟಿ ಅಲುಗಿತು. ಮೂರನೆಯ ಸಲ, ಟೇಪಿನ ದನಿಯ ಹಿಂದೆಯೇ, ತೊದಲುತ್ತ, ವಾರೆ ಬಾಯಿಂದ ಬಂತು: "ಬ... ಬರ್ರಿ. ತಮ್ಮ... ಚಾಲೂ..."

"ಅಪ್ಪಾ!" ಎಂದು ಮಗಳು ಚೀರಿದಳು.

ಅಷ್ಟರಲ್ಲಿ ದನಿ ನಿಂತು ಕಿರ್‌ರ್ ಎಂಬ ಸದ್ದು ಹರಿದು ಬಂತು. ವೈನಿ ಮೇಜು ಹಿಡಿದು ಬಗ್ಗಿದರು. "ಇದೇ! ಇದೇ ಆವಾಜ್! ತುಂಬ್ಕೋ, ಲಗೂನ ತುಂಬ್ಕೋ!"

"ಬ್ಯಾಡ ವೈನಿ," ಎಂದೆ. ಸದ್ದು ಬಂದ್ ಮಾಡಿದೆ. "ಅದು ಪ್ರೋಗ್ರಾಮಿನ ಬರೇ ಬಾಲ. ತಲಿ ಹೋಗ್ಯದ. ತಲಿ ಇಲ್ದ ಅದು ಯಾವ ಮಷೀನಿನಾಗೂ ಏಳೂದಿಲ್ಲ. ಅದರ ಮ್ಯಾಲೆ ನಾನೇ ಇದನ್ನ ತುಂಬಿಸೀನಿ. ಖಾಲಿ ಅಂತ ಬರದಿತ್ತು. ಖಾಲಿ ಅಂದ್ರ ಏನೂ ಇಲ್ಲ ಅಂತ ತಿಳಕೊಂಡೆ. ಆವತ್ತಿನಿಂದ ಗೊತ್ತಿತ್ತು ನನಗ. ಹೇಳಲಿಲ್ಲ."

ಮಗಳು ಫೋನು ಕೆಳಗಿಳಿಸಿದಳು. ವೈನಿ ನನ್ನ ಕಡೆ ತಿರುಗಿದರು. ಬೈಯಲಿ, ಹೊಡೆಯಲಿ ಎಂದು ಕಾದೆ.

"ಆ ಚೀಟಿ ಬರದಾಕಿ ನಾ," ಎಂದರು. ಅಷ್ಟೇ. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಸ್ಟೂಲಿನ ಮೇಲೆ ಕೂತರು.

ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಆಗ ಅಣ್ಣ ಕುರ್ಚಿಯಲ್ಲಿ ಅಲುಗಾಡಿದ. ರೆಕಾರ್ಡರಿನ ಕಡೆ ಒಮ್ಮೆ ನೋಡಿ, ನನ್ನ ಕಡೆ ನೋಡಿದ. ಎಡಗೈಯಿಂದ ತನ್ನ ಬಲಗೈಯ ಮಣಿಕಟ್ಟನ್ನು ಹಿಡಿದು, ಮೆಲ್ಲಗೆ ಎತ್ತಿ, ನನ್ನ ಮೇಜಿನ ಮೇಲೆ, ನಾನು ಸಾಮಾನು ಬಿಚ್ಚುವ ಜಾಗದಲ್ಲಿ, ದೀಪದ ಕೆಳಗೆ ಇಟ್ಟ.

"ತಮ್ಮ," ಎಂದ. "ಚಾಲೂ."

ಅದು ತಣ್ಣಗಿತ್ತು. ನಾನು ಎರಡೂ ಕೈಯಿಂದ ಅದನ್ನು ಹಿಡಿದುಕೊಂಡೆ. ಇಷ್ಟು ವರ್ಷ ಬಂದವರಿಗೆಲ್ಲ ಮುಖದ ಮೇಲೆ ಹೇಳಿದ ಮಾತು ನಾಲಿಗೆಯ ತುದಿಯವರೆಗೂ ಬಂತು, ಹೊರಗೆ ಬರಲಿಲ್ಲ.

"ಇಡಣ್ಣಾ," ಎಂದೆ. "ನೋಡ್ತೀನಿ."